ಮೈಸೂರಿನ ಆಶ್ರಯದಲ್ಲಿ ಯೆಹೂದ್ಯ ನಿರಾಶ್ರಿತರು

ಊರು ಬಿಡುವುದೆಂದರೇನೆಂಬುದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. ಜಗಳೂರಿನಂಥ ಬೆದ್ದಲು ಸೀಮೆಯಲ್ಲಿ ಮಳೆ ಎರಡು ವರ್ಷ ಕೈಕೊಟ್ಟರೆ ಸಾಕು, ಒಕ್ಕಲು ಮಕ್ಕಳು ಹೆಂಡಿರು ಮಕ್ಕಳೊಡನೆ ಕೂಲಿಯನ್ನರಸಿ ನೀರಿರುವ ಸೀಮೆಗೆ ಹೊರಡುತ್ತಾರೆ. ಹೊರಡುವ ಮುನ್ನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ನೆರೆಮನೆಯವರಿಗೊಪ್ಪಿಸಿ, ‘ಮಳೆ ಬಂದರೆ ಬರುತ್ತೇವೆ’ ಎಂದು ಹೇಳಿ ಹೋಗುತ್ತಾರೆ. ಆ ಹೊರಡುವಿಕೆಯಲ್ಲಿ ಕಷ್ಟವಿದೆ, ಕಣ್ಣೀರಿದೆ, ಆದರೆ ಅವಮಾನವಿಲ್ಲ. ಮುನಿದದ್ದು ಮುಗಿಲು, ಊರಲ್ಲ. ಹಿಂದಿರುಗಿ ಬಂದಾಗ ಊರು ಅವರನ್ನು ತನ್ನವರೆಂದೇ ಬರಮಾಡಿಕೊಳ್ಳುತ್ತದೆ.

ಇಂದು ನಾವು ಹೇಳಹೊರಟಿರುವುದು ಮತ್ತೊಂದು ಬಗೆಯ ಊರುಬಿಡುವಿಕೆಯ ವಿಷಯ. ಅಲ್ಲಿ ಮುನಿದದ್ದು ಊರು. ಊರಿಗಿಂತಲೂ ಮಿಗಿಲಾಗಿ, ಊರನ್ನು ಕಾಯಬೇಕಾಗಿದ್ದ ಸರಕಾರ. ಬೀಗದ ಕೈಯನ್ನು ಪಡೆದ ನೆರೆಯವನು ಮನೆಯನ್ನೇ ತನ್ನದೆಂದುಕೊಂಡ. ಜರ್ಮನಿಯ ಯೆಹೂದ್ಯರಿಗೆ 1933ರಿಂದ 1945ರ ವರೆಗೆ ಒದಗಿದ ವಿಪತ್ತು ಅಂಥದು. ಅದರ ಕಥೆ ಪ್ರಪಂಚಕ್ಕೆಲ್ಲ ತಿಳಿದಿದೆ. ಆದರೆ ಆ ಪ್ರಳಯದ ಕೆಲವು ಹನಿಗಳು ಮೈಸೂರು ಸಂಸ್ಥಾನದ ನೆಲದ ಮೇಲೆಯೂ ಬಿದ್ದುವೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಆ ಭಾಗವನ್ನೇ ಇಲ್ಲಿ ಹೇಳುತ್ತೇವೆ.

1933ರ ಜನವರಿ 30ರಂದು ಹಿಟ್ಲರನು ಜರ್ಮನಿಯ ಅಧಿಕಾರವನ್ನು ವಹಿಸಿಕೊಂಡನು. ಆ ದೇಶದಲ್ಲಿ ಆಗ ಇದ್ದ ಯೆಹೂದ್ಯರು ಸುಮಾರು 5 ಲಕ್ಷ. ಇಡೀ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಅವರು ನಿನ್ನೆ ಮೊನ್ನೆ ಬಂದವರಲ್ಲ. ಎಷ್ಟೋ ತಲೆಮಾರುಗಳಿಂದ ಅಲ್ಲಿಯ ಭಾಷೆಯನ್ನೇ ಆಡುತ್ತ, ಅಲ್ಲಿಯ ವಿದ್ಯೆಯನ್ನೇ ಬೆಳೆಸುತ್ತ ಬಂದವರು. 1914ರ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿ ಪದಕಗಳನ್ನು ಪಡೆದವರು ಅವರಲ್ಲಿ ಬಹುಮಂದಿ. ಏಪ್ರಿಲ್ 1ರಂದು ಅವರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಏಪ್ರಿಲ್ 7ರಂದು ಒಂದು ಕಾನೂನು ಹೊರಟಿತು. ಸರಕಾರಿ ನೌಕರಿಯನ್ನು ಸರಿಪಡಿಸುವ ಕಾನೂನೆಂದು ಅದಕ್ಕೆ ಹೆಸರು. ಯೆಹೂದ್ಯ ರಕ್ತದವರನ್ನು ಸರಕಾರದ ಕೆಲಸದಿಂದ ತೆಗೆದುಹಾಕುವುದು ಅದರ ಅರ್ಥ. ಮನುಷ್ಯನು ಯಾವ ಧರ್ಮವನ್ನು ನಂಬುತ್ತಾನೆ ಎಂಬುದು ಅಲ್ಲಿ ಮುಖ್ಯವಾಗಿರಲಿಲ್ಲ. ಅವನ ಅಜ್ಜ ಅಜ್ಜಿಯರು ಯಾರೆಂಬುದೇ ಮುಖ್ಯ ಪ್ರಶ್ನೆ.

ಅದಾದಮೇಲೆ ಒಂದೊಂದೇ ಮೆಟ್ಟಲು. 1935ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಸಾರಿದ ಶಾಸನಗಳಿಂದ ಅವರ ಪೌರತ್ವದ ಹಕ್ಕುಗಳು ಹೋದುವು. ಅವರೊಡನೆ ವಿವಾಹಸಂಬಂಧ ಅಪರಾಧವಾಯಿತು. 1938ರಲ್ಲಿ ಗಂಡಸರು ತಮ್ಮ ಹೆಸರಿನೊಡನೆ ‘ಇಸ್ರೇಲ್’ ಎಂದೂ ಹೆಂಗಸರು ‘ಸಾರಾ’ ಎಂದೂ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಅದೇ ವರ್ಷ ನವೆಂಬರ್ 9ರ ರಾತ್ರಿ ದೇಶಾದ್ಯಂತ ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಹಚ್ಚಿದರು. ಸುಮಾರು 30,000 ಗಂಡಸರನ್ನು ಹಿಡಿದು ಬಂಧನ ಶಿಬಿರಗಳಿಗೆ ಸಾಗಿಸಿದರು. ಹಳ್ಳಿಯಲ್ಲಿ ಒಂದು ಮನೆತನಕ್ಕೆ ಬಹಿಷ್ಕಾರ ಹಾಕಿ ನೀರು ಬೆಂಕಿ ಕೊಡದೆ ಕಾಡುವ ಕ್ರೌರ್ಯವನ್ನು ನಮ್ಮ ಹಿರಿಯರು ಬಲ್ಲರು. ಆ ಕ್ರೌರ್ಯಕ್ಕೆ ಕಚೇರಿ, ಮೊಹರು, ಪೋಲೀಸು, ರೈಲುಗಾಡಿಗಳನ್ನೆಲ್ಲ ಜೋಡಿಸಿದರೆ ಏನಾಗುವುದೋ ಅದು ಜರ್ಮನಿಯಲ್ಲಿ ಆಯಿತು.

ಈ ಕಾನೂನಿಗೆ ಮೊದಲಲ್ಲಿಯೇ ಸಿಕ್ಕಿದವರಲ್ಲಿ ಮ್ಯಾಕ್ಸ್ ಬೋರ್ನ್ ಎಂಬ ವಿದ್ವಾಂಸರೊಬ್ಬರು. 1882ರಲ್ಲಿ ಬ್ರೆಸ್ಲಾವಿನಲ್ಲಿ ಹುಟ್ಟಿದವರು. 1921ರಿಂದ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಪರಮಾಣುವಿನ ವರ್ತನೆಯನ್ನು ವಿವರಿಸುವ ಹೊಸ ಗಣಿತವು ರೂಪುಗೊಂಡುದು ಅವರ ಮತ್ತು ಅವರ ಶಿಷ್ಯರ ಕೈಯಲ್ಲಿ. ಅವರು 1914ರಷ್ಟು ಹಿಂದೆಯೇ ಕ್ರೈಸ್ತ ದೀಕ್ಷೆಯನ್ನು ಪಡೆದಿದ್ದರು. ಕಾನೂನಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ತಮ್ಮನ್ನು ಕೆಲಸದಿಂದ ಬಿಡಿಸಿದೆಯೆಂಬ ಸುದ್ದಿಯನ್ನು 1933ರ ಏಪ್ರಿಲ್ ಕೊನೆಯಲ್ಲಿ ಅವರು ಓದಿಕೊಂಡುದು ವರ್ತಮಾನಪತ್ರಿಕೆಯಲ್ಲಿ. ಕುಟುಂಬದೊಡನೆ ದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್‌ನಲ್ಲಿ ದೊರೆತ ಕೆಲಸ ತಾತ್ಕಾಲಿಕವಾದುದು.

ಆಗ ಬೆಂಗಳೂರಿನಿಂದ ಕರೆ ಬಂತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಎಂದರೆ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿದ್ಯಾಸಂಸ್ಥೆಗೆ, ಸರ್ ಸಿ. ವಿ. ರಾಮನ್‌ರವರು ಆಗ ಡೈರೆಕ್ಟರಾಗಿದ್ದರು. ಜರ್ಮನಿ ಹೊರದೂಡಿದ ಪ್ರತಿಭೆಯನ್ನು ಭಾರತಕ್ಕೆ ತಂದುಕೊಳ್ಳಬೇಕೆಂಬುದು ಅವರ ದೂರದೃಷ್ಟಿ. ಬೋರ್ನರು ಪತ್ನಿ ಹೆಡ್ವಿಗ್ ಅವರೊಡನೆ 1935ರಲ್ಲಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇಲ್ಲಿದ್ದು ಪಾಠ ಹೇಳಿದರು. ಅವರಿಗೆ ಖಾಯಂ ಅಧ್ಯಾಪಕ ಪದವಿಯನ್ನು ಕೊಡಬೇಕೆಂದು ರಾಮನ್‌ರವರು ಅಧ್ಯಾಪಕರ ಸಭೆಯ ಮುಂದೆ ಸೂಚಿಸಿದಾಗ, ಇಂಗ್ಲೆಂಡಿನಿಂದ ಬಂದಿದ್ದ ಅಧ್ಯಾಪಕರೊಬ್ಬರು ಎದ್ದುನಿಂತು, ತನ್ನ ದೇಶದಿಂದ ಹೊರಗೆ ಹಾಕಿಸಿಕೊಂಡ ಎರಡನೆಯ ದರ್ಜೆಯ ಪರದೇಶಿಯು ನಮಗೆ ತಕ್ಕವನಲ್ಲವೆಂಬ ಅರ್ಥದ ಮಾತನ್ನು ಬೋರ್ನರ ಎದುರಿನಲ್ಲಿಯೇ ಆಡಿದರು. ಆ ದಿನ ಮನೆಗೆ ಹಿಂದಿರುಗಿ ಪತ್ನಿಯ ಮುಂದೆ ತಾವು ಅತ್ತುಬಿಟ್ಟುದನ್ನು ಬೋರ್ನರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಆ ಪದವಿ ಆಗಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರಿಗೆ ಪೀಠವನ್ನು ಕೊಟ್ಟಿತು.

ನಮ್ಮ ನಾಡಿನ ಆತಿಥ್ಯವನ್ನು ಹೊಗಳಿಕೊಳ್ಳುವ ಮುನ್ನ ಈ ಘಟನೆಯನ್ನು ನೆನೆಯಬೇಕು. ದೇಶಭ್ರಷ್ಟನ ನೋವು ಗಡಿ ದಾಟಿದೊಡನೆ ಮುಗಿಯುವುದಿಲ್ಲ. ಹೊರಗೆ ಹಾಕಿಸಿಕೊಂಡನೆಂಬುದೇ ಮುಂದಿನ ಮನೆಯಲ್ಲಿ ಅವನ ಮೇಲಿನ ಆರೋಪವಾಗಿಬಿಡುತ್ತದೆ. ಕಳ್ಳನಿಂದ ಸೂರೆಯಾದವನನ್ನೇ ಊರು ಸಂಶಯದಿಂದ ನೋಡಿದ ಹಾಗೆ.

ಆದರೆ ಆ ಆರು ತಿಂಗಳ ವಾಸ ಸಂಪೂರ್ಣವಾಗಿ ನಿಷ್ಫಲವಾಗಲಿಲ್ಲ. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್‌ರವರ ಪರಿಚಯ ಬೋರ್ನರಿಗಾಯಿತು. ಆ ಪರಿಚಯದ ದಾರಿಯಿಂದಲೇ ಬೋರ್ನರ ಸೋದರಳಿಯ ಆಟೋ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸರಕಾರದ ಸೇವೆಗೆ ಬಂದರು.

ಕೋನಿಗ್ಸ್‌ಬರ್ಗರ್ ಅವರು 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಅಲ್ಲಿಯ ಶಿಲ್ಪವಿದ್ಯಾಶಾಲೆಯಲ್ಲಿ ಓದಿ, 1933ರಲ್ಲಿ ಜರ್ಮನಿಯ ತರುಣ ಶಿಲ್ಪಿಗಳೆಲ್ಲ ಆಶಿಸುವ ಷಿಂಕೆಲ್ ಬಹುಮಾನವನ್ನು ಗೆದ್ದರು. ಬಹುಮಾನ ಬಂದ ವರ್ಷವೇ ಸರಕಾರದ ಕೆಲಸ ಹೋಯಿತು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಿದ್ಯೆಯೊಂದನ್ನೇ ಕೈಯಲ್ಲಿ ಹಿಡಿದು ಈಜಿಪ್ಟಿಗೆ ಹೋಗಿ, ಕೈರೋ ನಗರದಲ್ಲಿ ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ತ್ವ ಪಂಡಿತರ ಬಳಿ ಕೆಲಸಕ್ಕೆ ಸೇರಿದರು. ನೆಫರ್ತಿತಿ ರಾಣಿಯ ಪ್ರಸಿದ್ಧ ಶಿಲ್ಪವನ್ನು 1912ರಲ್ಲಿ ಮಣ್ಣಿನಿಂದ ಹೊರತೆಗೆಸಿದವರು ಬೋರ್ಖಾರ್ಟರೇ. ಅಲ್ಲಿದ್ದಾಗ ಕೋನಿಗ್ಸ್‌ಬರ್ಗರ್ ಬರೆದ ಡಾಕ್ಟರ್ ಪದವಿಯ ಪ್ರಬಂಧದ ವಿಷಯ, ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರೆಂಬುದು. ಅದು 1936ರಲ್ಲಿ ಅಚ್ಚಾಯಿತು.

ಅವರು ಮೈಸೂರಿಗೆ ಬಂದ ಕಾಲದಲ್ಲಿ ಲೋಕದ ಬಾಗಿಲುಗಳು ಯೆಹೂದ್ಯರಿಗೆ ಬಹುಮಟ್ಟಿಗೆ ಮುಚ್ಚಿಹೋಗಿದ್ದುವು. 1938ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಏವಿಯಾನ್ ಎಂಬಲ್ಲಿ 32 ದೇಶಗಳ ಪ್ರತಿನಿಧಿಗಳು ಸಭೆ ಸೇರಿ ನಿರಾಶ್ರಿತರ ವಿಷಯದಲ್ಲಿ ಮರುಕವನ್ನು ಸೂಚಿಸಿದರು. ಜಾಗವನ್ನು ಕೊಡಲು ಮುಂದಾದವರು ಇಲ್ಲವೆನ್ನುವಷ್ಟು ಕಡಿಮೆ. ಬ್ರಿಟಿಷ್ ಇಂಡಿಯಾಕ್ಕೆ ಬರಬೇಕಾದರೆ, ಬಂದವನು ಸರಕಾರಕ್ಕೆ ಹೊರೆಯಾಗನೆಂದು ಜಾಮೀನು ಬೇಕಾಗಿತ್ತು. ಬೊಂಬಾಯಿಯಲ್ಲಿ 1934ರಲ್ಲಿ ಏರ್ಪಟ್ಟ ಯೆಹೂದ್ಯ ಪರಿಹಾರ ಸಂಘವು ಎಷ್ಟೋ ಮಂದಿಗೆ ಆ ಜಾಮೀನನ್ನು ನಿಂತಿತು. ಹೀಗೆ ಬಂದು ಬದುಕಿಕೊಂಡವರಲ್ಲಿ ರೇಡಿಯೋ ಕೇಳುವವರೆಲ್ಲರೂ ತಿಳಿಯದೆಯೇ ಬಲ್ಲವರೊಬ್ಬರಿದ್ದಾರೆ. ಆಲ್ ಇಂಡಿಯಾ ರೇಡಿಯೋದ ಕಾರ್ಯಕ್ರಮ ಆರಂಭವಾಗುವ ಮುನ್ನ ತಂಬೂರಿಯ ಶ್ರುತಿಯ ಮೇಲೆ ಕೇಳಿಬರುವ ಆ ಪಿಟೀಲಿನ ಧಾಟಿಯನ್ನು ರಚಿಸಿದವರೆಂದು ಹೆಸರಾದ ವಾಲ್ಟರ್ ಕೌಫ್‌ಮನ್ ಅವರು 1934ರಲ್ಲಿ ಬೊಂಬಾಯಿಗೆ ಬಂದಿಳಿದ ಬೊಹೀಮಿಯಾ ದೇಶದ ಯೆಹೂದ್ಯರು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ಆಗ ಈ ನಿರಾಶ್ರಿತರ ಪಾಲಿಗೆ ಒಂದು ವಿಚಿತ್ರ ಸಂಕಟ ಬಂತು. ಜರ್ಮನಿಯ ಪಾಲಿಗೆ ಅವರು ಜರ್ಮನರಲ್ಲ, ಯೆಹೂದ್ಯರು. ಭಾರತದ ಬ್ರಿಟಿಷ್ ಸರಕಾರದ ಪಾಲಿಗೆ ಅವರು ಯೆಹೂದ್ಯರಲ್ಲ, ಜರ್ಮನರು, ಆದುದರಿಂದ ಶತ್ರುದೇಶದ ಪ್ರಜೆಗಳು. ಹಿಟ್ಲರನ ಭಕ್ತರನ್ನೂ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಅಹಮದ್‌ನಗರದ ಶಿಬಿರದಲ್ಲಿ ಒಟ್ಟಿಗೆ ಕೂಡಿಹಾಕಿದರು. ವಿಚಾರಣೆಯಾದ ಮೇಲೆ ಎಷ್ಟೋ ಮಂದಿ ಯೆಹೂದ್ಯರಿಗೆ ಬಿಡುಗಡೆಯಾಯಿತಾದರೂ, ಸಂಶಯದ ನೆರಳು ಯುದ್ಧ ಮುಗಿಯುವವರೆಗೂ ಅವರನ್ನು ಹಿಂಬಾಲಿಸಿತು. 1941ರ ನವೆಂಬರ್ 25ರಂದು ಜರ್ಮನ್ ಸರಕಾರವು ಮತ್ತೊಂದು ಆಜ್ಞೆಯನ್ನು ಹೊರಡಿಸಿ, ದೇಶದ ಹೊರಗಿರುವ ಯೆಹೂದ್ಯರೆಲ್ಲರ ಪೌರತ್ವವನ್ನು ರದ್ದುಮಾಡಿ ಅವರ ಆಸ್ತಿಯನ್ನು ವಶಪಡಿಸಿಕೊಂಡಿತು. ಅಂದಿನಿಂದ ಇವರು ಯಾವ ದೇಶಕ್ಕೂ ಸೇರಿದವರಲ್ಲ.

ಹಿಂದೆ ಉಳಿದವರ ಗತಿಯನ್ನು ಹೇಳಲು ಹೆಚ್ಚು ಮಾತು ಬೇಕಾಗಿಲ್ಲ. 1941ರ ಅಕ್ಟೋಬರಿನಲ್ಲಿ ಯೆಹೂದ್ಯರು ದೇಶವನ್ನು ಬಿಡುವುದನ್ನೇ ನಿಷೇಧಿಸಿದರು. ಆಗ ಜರ್ಮನಿಯಲ್ಲಿ ಉಳಿದಿದ್ದವರು ಸುಮಾರು ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟು. ಅವರನ್ನು ರೈಲುಗಾಡಿಗಳಲ್ಲಿ ತುಂಬಿ ಪೂರ್ವದೇಶಗಳಿಗೆ ಸಾಗಿಸಿದರು. ಬದುಕಿ ಬಂದವರು ಅತ್ಯಲ್ಪ. ಯೂರೋಪಿನಲ್ಲೆಲ್ಲ ಕೊಲೆಯಾದ ಯೆಹೂದ್ಯರು ಸುಮಾರು 60 ಲಕ್ಷ. 1945ರ ಜನವರಿ 27ರಂದು ರಷ್ಯದ ಸೈನ್ಯವು ಆಷ್‌ವಿಟ್ಸ್ ಶಿಬಿರವನ್ನು ಪ್ರವೇಶಿಸಿದಾಗ ಅಲ್ಲಿ ಜೀವದಿಂದಿದ್ದವರು ಸುಮಾರು 7,000 ಮಂದಿ. ಅದೇ ಶಿಬಿರದಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಮಿಗಿಲು. ಬೋರ್ನರೂ ಕೋನಿಗ್ಸ್‌ಬರ್ಗರೂ ಶಿಬಿರವನ್ನು ಕಂಡವರಲ್ಲ. ಆದರೂ ಅವರನ್ನು ಉಳಿದುಬಂದವರೆಂದೇ ಎಣಿಸಬೇಕು. ಅವರಿಗೂ ಆ ರೈಲುಗಾಡಿಗೂ ನಡುವೆ ಇದ್ದುದು ಒಂದು ನೌಕರಿಯ ಹುಕುಂ, ಒಂದು ಹಡಗಿನ ಟಿಕೀಟು, ಅಷ್ಟೆ.

ಆ ಹುಕುಮನ್ನು ಕೊಟ್ಟುದು ಮೈಸೂರು. ಕೋನಿಗ್ಸ್‌ಬರ್ಗರ್ ಅವರು ಸರಕಾರದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿ ನೆಲಸಿ ಕೆಲಸಮಾಡಿದರು. ದಿವಾನರಿಗೆ ಗುಮ್ಮಟ ಕಮಾನುಗಳ ಶೋಭೆಯಲ್ಲಿ ಪ್ರೀತಿ. ಇವರಿಗೆ ಸರಳವಾದ ಗೆರೆಗಳಲ್ಲಿ ನಂಬಿಕೆ. ಆ ಎರಡು ಅಭಿರುಚಿಗಳು ಎಷ್ಟೋ ಸಲ ತಾಕಲಾಡಿದರೂ ಕೆಲಸ ಸಾಗಿತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೃತಿ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಊಟದ ಹಜಾರ, ಸಭಾಭವನ, ಲೋಹವಿಜ್ಞಾನದ ಕಟ್ಟಡ, ವಿಮಾನವಿದ್ಯೆಯ ವಿಭಾಗದ ಕಟ್ಟಡ ಇವು ಅವರು ರಚಿಸಿದುವು. ಚಿಕ್ಕಪ್ಪನ ಸಮಾನರಾದ ಸೋದರಮಾವನಿಗೆ ಪೀಠವನ್ನು ನಿರಾಕರಿಸಿದ ಆವರಣದಲ್ಲಿಯೇ ಅಳಿಯನು ವಿದ್ಯಾರ್ಥಿಗಳಿಗೆ ನೆರಳನ್ನು ಕಟ್ಟಿಕೊಟ್ಟನು.

ಇಲ್ಲಿಯ ಬಿಸಿಲು ಗಾಳಿಗಳನ್ನು ಅವರು ಶ್ರದ್ಧೆಯಿಂದ ಅಭ್ಯಾಸಮಾಡಿದರು. ಒಂದು ದೇಶದ ಮನೆಯನ್ನು ಇನ್ನೊಂದು ದೇಶದಲ್ಲಿ ಹಾಗೆಯೇ ಕಟ್ಟಬಾರದು. ಮೊದಲು ಸೂರ್ಯನ ದಾರಿಯನ್ನೂ ಗಾಳಿಯ ದಿಕ್ಕನ್ನೂ ಕೇಳಬೇಕೆಂಬುದು ಅವರು ಕಂಡುಕೊಂಡ ತತ್ತ್ವ. ಇದು ನಮ್ಮ ಹಳ್ಳಿಯ ಗಾರೆಯವನಿಗೂ ಗೊತ್ತಿದ್ದ ತತ್ತ್ವವೇ. ಒಣಸೀಮೆಯಾದ ಜಗಳೂರಿನ ಕಡೆ ದಪ್ಪಗೋಡೆಯ ಮೇಲೆ ಮಣ್ಣಿನ ಮಾಳಿಗೆ. ಮಲೆನಾಡಿಗೆ ಹತ್ತಿರವಾದ ಚನ್ನಗಿರಿ, ನ್ಯಾಮತಿಗಳ ಕಡೆ ಮಳೆಯ ನೀರು ಜಾರಿಹೋಗುವಂತೆ ಇಳಿಜಾರಾದ ನಾಡಹೆಂಚಿನ ಸೂರು. ನಮ್ಮವರು ವಾಡಿಕೆಯಿಂದ ಬಲ್ಲುದನ್ನು ಅವರು ಶಾಸ್ತ್ರವಾಗಿ ಮಾಡಿ, ಮುಂದೆ ಲಂಡನ್ನಿನಲ್ಲಿ ಬಹು ದೇಶಗಳ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1970ರ ದಶಕದಲ್ಲಿ ಉಷ್ಣದೇಶಗಳ ಮನೆಗಳನ್ನು ಕುರಿತು ಅವರೂ ಅವರ ಜೊತೆಗಾರರೂ ಪ್ರಕಟಿಸಿದ ಗ್ರಂಥವು ಶಿಲ್ಪವಿದ್ಯಾರ್ಥಿಗಳಿಗೆ ಕೈಪಿಡಿಯಾಯಿತು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಆಶ್ರಯವನ್ನು ಕೊಟ್ಟವರಾರು ಎಂದರೆ ದಿವಾನರ ಹೆಸರನ್ನು ಹೇಳುತ್ತೇವೆ, ಅದು ನ್ಯಾಯವೇ. ಆದರೆ ಸಂಬಳ ಬಂದುದು ಖಜಾನೆಯಿಂದ. ಖಜಾನೆ ತುಂಬಿದುದು ಕಂದಾಯದಿಂದ. ಅಂದು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ ಹೊನ್ನಾಳಿಗಳ, ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದ ನ್ಯಾಮತಿಯ, ಚಿತ್ರದುರ್ಗ ಜಿಲ್ಲೆಯ ಜಗಳೂರಿನ ಒಕ್ಕಲಿಗನು ಕಟ್ಟಿದ ಕಾಸೂ ಅದರಲ್ಲಿತ್ತು. ಬರ್ಲಿನ್ ಎಂಬ ಊರು ಯಾವ ದಿಕ್ಕಿನಲ್ಲಿದೆಯೆಂದು ಆತನು ಅರಿಯನು. ಆದರೂ ಆ ಊರು ಹೊರದೂಡಿದ ಒಬ್ಬನ ಅನ್ನದಲ್ಲಿ ಆತನ ಬೆವರಿನ ಪಾಲಿತ್ತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಟ್ಟಿಸಿದವಳು ತಂದೆಯಿಂದಲೇ ನಿಂದೆಯನ್ನು ಹೊತ್ತ ಶಾಂತವ್ವೆಯೆಂದು ಜನ ಹೇಳುತ್ತಾರೆ. ತನ್ನವರಿಂದ ತಿರಸ್ಕೃತರಾದವರು ಪರರಿಗಾಗಿ ಕಟ್ಟುವರೆಂಬ ಮಾತು ಆ ಸೀಮೆಯವರಿಗೆ ಹೊಸದಲ್ಲ.

ಯುದ್ಧ ಮುಗಿದ ಮೇಲಿನ ಕಥೆಯೂ ಕೇಳಬೇಕಾದುದೇ. 1947ರಲ್ಲಿ ಭಾರತವು ಸ್ವತಂತ್ರವಾಯಿತು, ಒಡೆದು ಎರಡಾಯಿತು. ಕೋಟಿಗೂ ಮೀರಿದ ಜನ ಗಡಿಯ ಆಚೆಗೂ ಈಚೆಗೂ ಮನೆ ಮಾರುಗಳನ್ನು ಬಿಟ್ಟು ಓಡಿದರು. ಅವರಿಗೆಲ್ಲ ನೆಲೆ ಬೇಕಾಯಿತು. 1948ರಲ್ಲಿ ಭಾರತ ಸರಕಾರದ ವಸತಿ ವಿಭಾಗದ ಡೈರೆಕ್ಟರ್ ಪದವಿಗೆ ಬಂದವರು ಕೋನಿಗ್ಸ್‌ಬರ್ಗರ್! ಹದಿನೈದು ವರ್ಷಗಳ ಹಿಂದೆ ಸ್ವತಃ ನೆಲೆಗೆಟ್ಟಿದ್ದವರ ಕೈಗೆ ಒಂದು ದೇಶದ ನೆಲೆಗೆಟ್ಟವರ ವಸತಿಯ ಭಾರ ಬಂತು. ಅದೇ ವರ್ಷ ಒರಿಸ್ಸಾದ ಹೊಸ ರಾಜಧಾನಿಯಾದ ಭುವನೇಶ್ವರದ ನಕ್ಷೆಯನ್ನೂ ಅವರು ಹಾಕಿದರು.

ಈ ಕಥೆಗೆ ಗೆಲುವಿನ ಮುಕ್ತಾಯವನ್ನು ಕೊಡಲು ಮನಸ್ಸು ಬಯಸುತ್ತದೆ, ನಡೆದುದು ಹಾಗಲ್ಲ. ಸಾವಿರಾರು ಮನೆಗಳನ್ನು ಬೇಗನೆ ಒದಗಿಸುವುದಕ್ಕಾಗಿ, ಗೋಡೆಗಳನ್ನು ಕಾರ್ಖಾನೆಯಲ್ಲಿಯೇ ಎರಕಹೊಯ್ದು ತಂದು ಜೋಡಿಸುವ ಏರ್ಪಾಡನ್ನು ದೆಹಲಿಯಲ್ಲಿ ಮಾಡಿದರು. ಆ ಗೋಡೆಗಳು ಬಿರುಕುಬಿಟ್ಟುವು. ಏರ್ಪಾಡು ಮುರಿದುಬಿತ್ತು, ಟೀಕೆ ಬಹಳವಾಯಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಹನ್ನೆರಡು ವರ್ಷ ಬಾಳಿದ ನೆಲವನ್ನು ಬಿಟ್ಟು ಮತ್ತೊಮ್ಮೆ ಮೊದಲಿನಿಂದ ಆರಂಭಿಸಬೇಕಾಯಿತು. 1999ರಲ್ಲಿ ಅವರು ಲಂಡನ್ನಿನಲ್ಲಿಯೇ ತೀರಿಕೊಂಡರು.

ಬೋರ್ನರ ಹಾದಿ ಬೇರೆಯಾಯಿತು. 1953ರಲ್ಲಿ ಅವರನ್ನು ಹೊರಗೆ ಹಾಕಿದ್ದ ಗಾಟಿಂಗೆನ್ ನಗರವು ಕರೆದು ಗೌರವ ಪೌರತ್ವವನ್ನು ಕೊಟ್ಟಿತು. ಎಡಿನ್‌ಬರೋ ಪೀಠದಿಂದ ನಿವೃತ್ತರಾದ ಮೇಲೆ ಅವರು ಜರ್ಮನಿಗೇ ಹಿಂದಿರುಗಿ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲಸಿದರು. 1954ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅವರ ಆಪ್ತಸ್ನೇಹಿತರಾದ ಐನ್‌ಸ್ಟೈನರಿಗೆ ಈ ಹಿಂದಿರುಗುವಿಕೆ ಒಪ್ಪಿಗೆಯಾಗಲಿಲ್ಲ. ತಮ್ಮ ಬಂಧುಗಳನ್ನು ಕೊಂದವರ ನಾಡಿಗೆ ಹೋಗಬಹುದೇ ಎಂಬುದು ಅವರ ಆಕ್ಷೇಪಣೆ. ಹಿಂದಿರುಗಿದವರದು ಸರಿಯೋ, ಹಿಂದಿರುಗದವರದು ಸರಿಯೋ, ಆ ನೋವನ್ನು ತಿನ್ನದ ನಾವು ತೀರ್ಪು ಹೇಳಲಾರೆವು. ಕಳೆದುಹೋದ ಪದವಿಯನ್ನು ಹಿಂದಕ್ಕೆ ಕೊಡಬಹುದು, ಮುಟ್ಟುಗೋಲಾದ ಹಣಕ್ಕೆ ಪರಿಹಾರವನ್ನು ಎಣಿಸಬಹುದು. ಪಶ್ಚಿಮ ಜರ್ಮನಿಯು 1950ರ ದಶಕದಲ್ಲಿ ಅದಕ್ಕೆ ಕಾನೂನುಗಳನ್ನೂ ಮಾಡಿತು. ನೆರೆಯವನ ಮೇಲಿದ್ದ ನಂಬಿಕೆಯನ್ನು ಹಿಂದಕ್ಕೆ ಕೊಡಿಸುವ ಕಾನೂನು ಮಾತ್ರ ಎಲ್ಲಿಯೂ ಇಲ್ಲ.

ಈ ವೃತ್ತಾಂತದಿಂದ ನಾವು ತಿಳಿಯಬೇಕಾದುದೇನು? ಮೈಸೂರು ಒಬ್ಬನಿಗೆ ಅನ್ನ ಕೊಟ್ಟಿತೆಂದು ಹೆಮ್ಮೆಪಡುವುದು ಸುಲಭ. ಆ ಒಬ್ಬನ ಹಿಂದೆ ಬಾಗಿಲು ತೆರೆಯದೆ ಹೋದ ಲಕ್ಷಾಂತರ ಮಂದಿ ಇದ್ದರು. ನಮ್ಮಲ್ಲಿಗೆ ಬಂದವರು ವಿದ್ಯಾವಂತರು, ಪರಿಚಯವುಳ್ಳವರು, ಉಪಯೋಗಕ್ಕೆ ಬರುವವರು. ಬರ್ಲಿನ್ನಿನ ದರ್ಜಿಗೂ ಬ್ರೆಸ್ಲಾವಿನ ಚಿಲ್ಲರೆ ಅಂಗಡಿಯವನಿಗೂ ಯಾವ ದಿವಾನರ ಪರಿಚಯವಿತ್ತು? ಉಪಯುಕ್ತನಿಗೆ ಮಾತ್ರ ಆಶ್ರಯ ಕೊಡುವುದು ಜಾಣತನ. ಧರ್ಮವೆಂಬ ಹೆಸರು ಅದಕ್ಕೆ ಸಲ್ಲದು.

ಎರಡನೆಯದಾಗಿ, ಹುಟ್ಟನ್ನು ನೋಡಿ ಮನುಷ್ಯನನ್ನು ಹೊರಗಿಡುವ ರೋಗ ಜರ್ಮನಿಯೊಂದಕ್ಕೇ ಬಂದುದಲ್ಲ. ನಮ್ಮ ಊರುಗಳಲ್ಲಿಯೂ ಒಂದು ಕೇರಿಯವರು ಇನ್ನೊಂದು ಕೇರಿಯ ಬಾವಿಯನ್ನು ಮುಟ್ಟದಂತೆ ತಡೆದ ಕಾಲವಿತ್ತು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಮೇಲೆಯೂ ಅದರ ಬೇರು ಪೂರ್ತಿಯಾಗಿ ಕೀಳಲಿಲ್ಲ. ಜರ್ಮನಿಯಲ್ಲಿ ಮೊದಲು ಬಂದುದು ರೈಲುಗಾಡಿಯಲ್ಲ. ಮೊದಲು ಬಂದುದು ಅಂಗಡಿಯ ಬಾಗಿಲಿಗೆ ಹಚ್ಚಿದ ಚೀಟಿ, ಕಚೇರಿಯಿಂದ ಬಂದ ಕಾಗದ, ಬೀದಿಯಲ್ಲಿ ಮುಖ ತಿರುಗಿಸಿಕೊಂಡ ಪರಿಚಯಸ್ಥ. ಆ ಕಾಲದಲ್ಲಿ ಬಹುಮಂದಿ ಸಜ್ಜನರು, ಇದು ತಮಗೆ ಸಂಬಂಧಪಟ್ಟುದಲ್ಲವೆಂದು ಸುಮ್ಮನಿದ್ದರು. ಅವರು ಮಾತನಾಡಬಹುದಾಗಿದ್ದ ದಿನಗಳು ಆಗಲೇ ಕಳೆದುಹೋದುವು.

ಬೆಂಗಳೂರಿಗೆ ಹೋದಾಗ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವನ್ನು ಕೇಳುಗರು ಒಮ್ಮೆ ನೋಡಬಹುದು. ಅದನ್ನು ಕಟ್ಟಿದವನಿಗೆ ಆ ಕಾಲದಲ್ಲಿ ತನ್ನ ದೇಶವೆಂಬುದಿರಲಿಲ್ಲ. ಅದರ ನೆರಳಿನಲ್ಲಿ ಯಾರು ಕುಳಿತುಕೊಳ್ಳಬೇಕೆಂದು ಆತನೂ ಯಾರನ್ನೂ ಕೇಳಲಿಲ್ಲ.